ಮೆಕ್ಸಿಕೋದ ಕೇರಿಯಲ್ಲಿ ಬಾಲ್ಯದ ಗೋಡೆಚಿತ್ರ ಬರೆಯುವುದು ಹೇಗೆ: ಬಾಗಿಲು ತಟ್ಟುವುದರಿಂದ ವಾರ್ನಿಷ್‌ವರೆಗೆ

ಬಲೂನು ಹಿಡಿದು ಹಾರುವ ಹುಡುಗಿ, ಸುತ್ತ ನಾಲ್ಕು ಚಿಟ್ಟೆ, ಮೇಲೆ ಕಾಮನಬಿಲ್ಲು. ಈ ಚಿತ್ರ ಪ್ರಪಂಚದ ಯಾವ ಊರಿನ ಗೋಡೆಗೂ ಹೊಂದುತ್ತದೆ. ಅದೇ ಅದರ ತೊಂದರೆ. ಮೆಕ್ಸಿಕೋದ ಹಳೆಯ ಕೇರಿಗಳಲ್ಲಿ ಜನ ನಿಂತು ನೋಡುವಂಥ ಗೋಡೆಗಳ ಗುಟ್ಟೇ ಬೇರೆ. ಅಲ್ಲಿ ಬುಗುರಿ ಬರೆದಿದ್ದರೆ ಅದು ಆ ಮನೆಯ ತಾತ ಆಡಿದ ಬುಗುರಿ. ದಾರ ಹೇಗೆ ಸುತ್ತುತ್ತಿದ್ದರು ಅಂತ ಅವರನ್ನೇ ಕೇಳಿ ಬರೆದಿರುತ್ತಾರೆ.

ಪುಯೆಬ್ಲಾ ನಗರದ ಶಾನೆನೆತ್ಲಾ ಕೇರಿಯನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಊರಿನ ನಡುವೆ ಹಿಂದೆ ಸಾನ್ ಫ್ರಾನ್ಸಿಸ್ಕೊ ನದಿ ಹರಿಯುತ್ತಿತ್ತು, ಈಗ ಅದರ ಮೇಲೆ ದೊಡ್ಡ ರಸ್ತೆ. ಆ ರಸ್ತೆಯ ಪಕ್ಕ, 1862ರ ಮೇ 5ರಂದು ಫ್ರೆಂಚರ ಜೊತೆ ಯುದ್ಧ ನಡೆದ ಲೊರೆತೊ ಕೋಟೆಯ ಗುಡ್ಡದ ಬುಡದಲ್ಲಿದೆ ಈ ಕೇರಿ. ಸಣ್ಣ ಸಣ್ಣ ಮನೆಗಳು, ಇಕ್ಕಟ್ಟಾದ ಬೀದಿಗಳು. ಕೊಲೆಕ್ತಿವೊ ತೊಮಾತೆ ಅನ್ನುವ ಯುವಕರ ತಂಡ 2009ರ ಆಸುಪಾಸಿನಲ್ಲಿ ಇಲ್ಲಿ ಕೆಲಸ ಶುರು ಮಾಡಿತು. ಇವತ್ತು 50ಕ್ಕೂ ಹೆಚ್ಚು ಗೋಡೆಗಳಲ್ಲಿ ಚಿತ್ರ ಇದೆ. ಅವರ ಪದ್ಧತಿ ಸರಳ: ಮೊದಲು ಮನೆಯವರ ಜೊತೆ ಮಾತು, ಆಮೇಲೆ ಬಣ್ಣ. ಅದೇ ಪದ್ಧತಿಯನ್ನು ಬಾಲ್ಯದ ಚಿತ್ರಗಳಿಗೆ ಹೊಂದಿಸಿ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಮೊಂತೆರ್ರೇ, ಗ್ವಾದಲಹಾರಾ ಕಡೆ ಐಟಿ ಕೆಲಸಕ್ಕೆ ಹೋಗಿ ನೆಲೆಸಿದ ನಮ್ಮವರು ಯಾರಾದರೂ ಅಕ್ಕಪಕ್ಕದವರ ಜೊತೆ ಸೇರಿ ಗೋಡೆ ಹಿಡಿಯುವುದಾದರೆ ಉಪಯೋಗಕ್ಕೆ ಬರಬಹುದು. ಎತ್ತರ, ಮಳೆ, ಬಿಸಿಲಿನ ಲೆಕ್ಕ ಮಾತ್ರ ಪುಯೆಬ್ಲಾದ್ದು.

ಹಂತ 1: ದಿನ ನೋಡಿಕೊಳ್ಳಿ

ಮೆಕ್ಸಿಕೋದಲ್ಲಿ ಮಕ್ಕಳ ದಿನ ಏಪ್ರಿಲ್ 30. ಬಾಲ್ಯದ ಗೋಡೆ ಮುಗಿಸುವುದಕ್ಕೆ ಅದಕ್ಕಿಂತ ಒಳ್ಳೆ ದಿನ ಇಲ್ಲ. ಶಾಲೆಗಳಲ್ಲೂ ಮನೆಗಳಲ್ಲೂ ಆಗಲೇ ಗದ್ದಲ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಪುಯೆಬ್ಲಾದಲ್ಲಿ ಮಳೆಗಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಜೂನ್ ಬಂತೆಂದರೆ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಧೋ ಅಂತ ಮಳೆ. ಹಾಗಾಗಿ ಜನವರಿಯಲ್ಲಿ ಮಾತುಕತೆ, ಫೆಬ್ರವರಿಯಲ್ಲಿ ಗೋಡೆ ಕೆಲಸ, ಮಾರ್ಚ್ ಏಪ್ರಿಲ್‌ನಲ್ಲಿ ಬಣ್ಣ. ಫೆಬ್ರವರಿಗೆ ಹುಚ್ಚು, ಮಾರ್ಚಿಗೆ ಇನ್ನೊಂದಿಷ್ಟು ಅಂತ ಅಲ್ಲಿ ಮಾತೇ ಇದೆ. ಆ ತಿಂಗಳುಗಳಲ್ಲಿ ಗಾಳಿ ಜಾಸ್ತಿ. ಸ್ಪ್ರೇ ಡಬ್ಬಿಯ ಕೆಲಸ ಇದ್ದರೆ ಬೆಳಗ್ಗೆಯೇ ಮುಗಿಸಿಕೊಳ್ಳಿ.

ಹಂತ 2: ಬಾಗಿಲು ತಟ್ಟಿ, ಸರಿಯಾದ ಪ್ರಶ್ನೆ ಕೇಳಿ

ಈ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೇ. ಬಣ್ಣ ಯಾರು ಬೇಕಾದರೂ ಕಲಿಯಬಹುದು.

ಹಿರಿಯರನ್ನು ಮಾತಾಡಿಸುವಾಗ ಹೆಸರಿನ ಮುಂದೆ ದೋನ್, ಹೆಂಗಸರಾದರೆ ದೋನ್ಯಾ ಅಂತ ಸೇರಿಸಿ. ನಮ್ಮ ‘ನೀವು’ ಥರ ಅವರಲ್ಲಿ ‘ಉಸ್ತೆದ್’ ಇದೆ, ಅವರೇ ಸಲಿಗೆ ಕೊಡುವ ತನಕ ಅದನ್ನೇ ಬಳಸಿ. ಮೊದಲ ಸಲ ಹೋದಾಗ ನೋಟ್‌ಬುಕ್, ಕ್ಯಾಮೆರಾ ಎರಡೂ ಚೀಲದಲ್ಲೇ ಇರಲಿ. ಸ್ಥಳೀಯ ಹುಡುಗನೋ ಹುಡುಗಿಯೋ ಜೊತೆಗಿದ್ದರೆ ಅರ್ಧ ಕೆಲಸ ಆದಂತೆ.

‘ನಿಮ್ಮ ಬಾಲ್ಯ ಹೇಗಿತ್ತು?’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅಂತ ಉತ್ತರ ಬರುತ್ತದೆ, ಅಷ್ಟೇ. ಅದರಲ್ಲಿ ಬರೆಯುವುದಕ್ಕೆ ಏನಿದೆ? ಹೀಗೆ ಕೇಳಿ ನೋಡಿ: ಕತ್ತಲಾದರೂ ಬಿಡದೆ ಆಡುತ್ತಿದ್ದ ಆಟ ಯಾವುದು? ಮನೆಗೆ ಬಾ ಅಂತ ಯಾರು ಕೂಗುತ್ತಿದ್ದರು, ಎಲ್ಲಿ ನಿಂತು? ಗೋಲಿ ಕಳೆದುಹೋಗುತ್ತಿದ್ದದ್ದು ಯಾವ ಚರಂಡಿಯಲ್ಲಿ? ಬೈಸಿಕೊಂಡದ್ದು ಯಾತಕ್ಕೆ? ಜನವರಿ 6ಕ್ಕೆ ಮೂವರು ರಾಜರು ಉಡುಗೊರೆ ತರುತ್ತಾರೆ ಅಂತ ಅಲ್ಲಿನ ಮಕ್ಕಳು ಚೀಟಿ ಬರೆದು ಕಾಯುತ್ತಾರಲ್ವಾ, ಆ ಚೀಟಿಯಲ್ಲಿ ಏನು ಕೇಳಿದ್ದಿರಿ, ಸಿಕ್ಕಿದ್ದೇನು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಹತ್ತರಲ್ಲಿ ಒಂಬತ್ತು ಸಲ ಗೋಡೆಗೆ ಬೇಕಾದ ಚಿತ್ರ ಇರುತ್ತದೆ, ಯಾಕೆಂದರೆ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರದಲ್ಲೇ ಆ ಮನೆಯ ಕಥೆ ಇರುವುದು.

ಆಟಗಳ ವಿಷಯದಲ್ಲಿ ನಮಗೆ ಅನುಕೂಲವೂ ಇದೆ, ಅಪಾಯವೂ ಇದೆ. ಅವರ ತ್ರೊಂಪೊ ನಮ್ಮ ಬುಗುರಿ. ಕನಿಕಾಸ್ ಅಂದರೆ ಗೋಲಿ. ಮತತೇನಾ ನಮ್ಮ ಕಲ್ಲಾಟದ ಹಾಗೆಯೇ, ಒಂದನ್ನು ಮೇಲಕ್ಕೆಸೆದು ಉಳಿದದ್ದನ್ನು ಬಾಚಿಕೊಳ್ಳುವುದು. ಕ್ಯಾಟರ್‌ಬಿಲ್ಲು, ಗಾಳಿಪಟ ಎಲ್ಲ ಅಲ್ಲೂ ಇವೆ. ಹೀಗಿರುವಾಗ ನಾವು ಗೊತ್ತು ಅಂದುಕೊಂಡು ನಮ್ಮದನ್ನೇ ಬರೆದುಬಿಡುತ್ತೇವೆ. ಅವರ ಕುಂಟೆಬಿಲ್ಲೆಗೆ ಅವಿಯೊನ್ಸಿತೊ ಅಂತ ಹೆಸರು, ಮನೆಗಳ ಜೋಡಣೆ ಪುಟ್ಟ ವಿಮಾನದ ಆಕಾರದಲ್ಲಿರುತ್ತದೆ. ನೀವು ಕೇರಿಯ ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಬರೆಸಿ, ಅದರ ಫೋಟೋ ತೆಗೆದುಕೊಳ್ಳಿ. ಬಾಲೆರೊ ಮಾತ್ರ ನಮ್ಮಲ್ಲಿಲ್ಲ. ಹಿಡಿಕೆಗೆ ದಾರದಿಂದ ಕಟ್ಟಿದ, ತೂತಿರುವ ಮರದ ಗುಂಡು ಅದು. ಮೇಲಕ್ಕೆ ಚಿಮ್ಮಿಸಿ ಆ ತೂತಿಗೆ ಹಿಡಿಕೆಯ ತುದಿ ಸಿಕ್ಕಿಸಬೇಕು. ಒಂದು ಕೊಂಡು ಆಡಿ ನೋಡಿ, ಇಲ್ಲದಿದ್ದರೆ ದಾರದ ಬಾಗು ತಪ್ಪಾಗಿ ಬರುತ್ತದೆ.

ಲೊತೆರಿಯಾ ಚೀಟಿಯಾಟದ 54 ಚಿತ್ರಗಳು (ಹುಂಜ, ಚಂದ್ರ, ಮತ್ಸ್ಯಕನ್ಯೆ, ಪಾಪಾಸುಕಳ್ಳಿ ಇತ್ಯಾದಿ) ಪ್ರತಿ ಮೆಕ್ಸಿಕನ್ ಮನೆಗೂ ಗೊತ್ತು. ಜನ ಅದನ್ನೇ ಬರೆಯಿರಿ ಅನ್ನುತ್ತಾರೆ. ಪೇಟೆಯಲ್ಲಿ ಸಿಗುವ ಆ ಪ್ರಸಿದ್ಧ ಚಿತ್ರಗಳು ಒಂದು ಕಂಪನಿಯ ಸ್ವತ್ತು, ಹಾಗೇ ಇಳಿಸಬೇಡಿ. ಚೀಟಿಯ ಚೌಕಟ್ಟು ಇಟ್ಟುಕೊಂಡು ಒಳಗೆ ಬೀದಿಯವರನ್ನು ಬರೆಯಿರಿ. ತಮಾಲೆ (ಮೆಕ್ಕೆಜೋಳದ ಕಡುಬು) ಮಾರುವಾಕೆ, ಮೂಲೆಯ ನಾಯಿ, ಗ್ಯಾಸ್ ಗಾಡಿಯವನು. ಇದು ಸಾಕಷ್ಟು ಕಡೆ ಆಗಿದೆ ನಿಜ, ಆದರೂ ಚೆನ್ನಾಗಿ ಮಾಡಿದರೆ ಬೇಜಾರಾಗುವುದಿಲ್ಲ.

ಹಂತ 3: ಕಾಗದಪತ್ರ

ಮನೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಬೇಕು. ಬಾಡಿಗೆಯವರ ಒಪ್ಪಿಗೆ ಸಾಲದು. ನಗರಸಭೆಯಲ್ಲಿ ವಿಚಾರಿಸಿ, ಸಾರ್ವೆ ರಸ್ತೆಯಲ್ಲಿ ನಿಲ್ಲಿಸುವುದಕ್ಕೂ ಅನುಮತಿ ಬೇಕಾಗಬಹುದು. ಪುಯೆಬ್ಲಾದ ಹಳೆಯ ನಗರಭಾಗ 1987ರಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. 1972ರ ಸ್ಮಾರಕ ಕಾಯಿದೆಯ ಪ್ರಕಾರ ಚಾರಿತ್ರಿಕ ಕಟ್ಟಡ ಮುಟ್ಟುವ ಮೊದಲು ಅಲ್ಲಿನ ರಾಷ್ಟ್ರೀಯ ಪುರಾತತ್ವ ಮತ್ತು ಇತಿಹಾಸ ಸಂಸ್ಥೆಯ ಅಪ್ಪಣೆ ಪಡೆಯಬೇಕು. ಗೋಡೆ ಹಳೆಯದು ಅನ್ನಿಸಿದರೆ ಸುಮ್ನೆ ರಿಸ್ಕ್ ತೆಗೆದುಕೊಳ್ಳಬೇಡಿ, ಕೇಳಿಬಿಡಿ.

ಗುರುತು ಸಿಗುವ ಹಾಗೆ ಮಗುವಿನ ಮುಖ ಬರೆಯುವುದಾದರೆ ತಂದೆತಾಯಿಯ ಸಹಿ ಬೇರೆ ಕಾಗದದಲ್ಲಿ ಇರಲಿ. ನನ್ನ ಅಭಿಪ್ರಾಯ ಕೇಳಿದರೆ, ಈಗಿನ ಮಕ್ಕಳ ಮುಖ ಬೇಡವೇ ಬೇಡ. ಆ ಮಗು ಹದಿನಾರಕ್ಕೆ ಬಂದಾಗ ದಿನಾ ಆ ಗೋಡೆ ಮುಂದೆ ನಡೆದು ಹೋಗಬೇಕು. ಅಜ್ಜ ಅಜ್ಜಿಯರ ಎಳೆ ವಯಸ್ಸಿನ ಮುಖ ಬರೆಯಿರಿ, ಅವರು ಖುಷಿ ಪಡುತ್ತಾರೆ.

ಹಂತ 4: ಚಿತ್ರ ಯೋಚಿಸುವುದು

ಮೆಕ್ಸಿಕೋ ನಗರಕ್ಕೆ ಹೋದರೆ ಅಲ್ಲಿನ ಹೆಸರಾಂತ ಗೋಡೆಚಿತ್ರಗಾರ ಡಿಯೆಗೊ ರಿವೆರಾ 1947ರಲ್ಲಿ ಮುಗಿಸಿದ ಅಲಮೇಡಾ ಉದ್ಯಾನದ ಚಿತ್ರವನ್ನು ತಪ್ಪದೆ ನೋಡಿ. ಸುಮಾರು 15 ಮೀಟರ್ ಉದ್ದ. ಅದರ ನಡುವೆ ರಿವೆರಾ ತನ್ನನ್ನೇ ಚಡ್ಡಿ ಹಾಕಿದ ಹುಡುಗನಾಗಿ ಬರೆದುಕೊಂಡಿದ್ದಾರೆ. ಗರಿಗಳ ಟೋಪಿಯ ಅಸ್ಥಿಪಂಜರದ ಹೆಂಗಸು, ಅಂದರೆ ಕತ್ರಿನಾ, ಅವನ ಕೈ ಹಿಡಿದಿದ್ದಾಳೆ. ಜೇಬಿನಿಂದ ಕಪ್ಪೆ ಇಣುಕುತ್ತಿದೆ, ಇನ್ನೊಂದು ಕಡೆ ಹಾವು. ಹಿಂದೆ ರಿವೆರಾ ಅವರ ಹೆಂಡತಿ, ಚಿತ್ರಗಾರ್ತಿ ಫ್ರಿಡಾ ಕಾಲೊ ನಿಂತು ಹುಡುಗನ ಹೆಗಲ ಮೇಲೆ ಕೈ ಇಟ್ಟಿದ್ದಾರೆ. ಇಷ್ಟೆಲ್ಲ ಜನ, ಇತಿಹಾಸ ತುಂಬಿದ ಗೋಡೆಯಲ್ಲಿ ಮಕ್ಕಳ ಕಣ್ಣು ಮೊದಲು ಹೋಗುವುದು ಆ ಕಪ್ಪೆಯ ಮೇಲೆ. ಅಂದರೆ ಬಾಲ್ಯದ ಚಿತ್ರಕ್ಕೆ ಮುಖದಲ್ಲಿ ನಗು ಬೇಕೇಬೇಕು ಅಂತಿಲ್ಲ, ಜೇಬಿನಲ್ಲಿ ಏನಿದೆ ಅಂತ ಗೊತ್ತಿದ್ದರೆ ಸಾಕು. ಸಾವು ಕೈ ಹಿಡಿದುಕೊಂಡಿದ್ದರೂ ಆ ಹುಡುಗ ಹುಡುಗನೇ. ಈ ಚಿತ್ರ ಮೊದಲು ಹೋಟೆಲಿನ ಗೋಡೆಯಲ್ಲಿತ್ತು. 1985ರ ಭೂಕಂಪದಲ್ಲಿ ಆ ಕಟ್ಟಡ ಕೆಟ್ಟಮೇಲೆ ಗೋಡೆಯನ್ನೇ ಎತ್ತಿ ತಂದು ಈಗಿನ ಮ್ಯೂಸಿಯಂನಲ್ಲಿ ಇಟ್ಟರು.

ಗಾತ್ರದ ಬಗ್ಗೆ ಒಂದು ಮಾತು. ಪಚೂಕಾ ನಗರದ ಲಾಸ್ ಪಾಲ್ಮಿತಾಸ್ ಗುಡ್ಡದಲ್ಲಿ ಹೆರ್ಮೆನ್ ಕ್ರೂ ತಂಡ 2015ರಲ್ಲಿ 209 ಮನೆಗಳ ಮೇಲೆ, ಸುಮಾರು 20,000 ಚದರ ಮೀಟರಿಗೆ ಬಣ್ಣ ಹಚ್ಚಿತು. ಮೊದಲು ಎಲ್ಲ ಮನೆಗೂ ಬಿಳಿ, ಆಮೇಲೆ ಬಣ್ಣದ ಅಲೆಗಳು. ದೂರದಿಂದ ಇಡೀ ಗುಡ್ಡ ಒಂದೇ ಚಿತ್ರ. ಹತ್ತಿರ ಹೋದರೆ ಬರೀ ಬಣ್ಣದ ಪಟ್ಟೆಗಳು. ಅದ್ಭುತವೇ, ಆದರೆ ನಿಮ್ಮ ಕೆಲಸಕ್ಕೆ ಅದು ಮಾದರಿ ಅಲ್ಲ. ಬಾಲ್ಯದ ನೆನಪು ಓದಬೇಕಾದದ್ದು ಮೂರು ಮೀಟರ್ ದೂರದಿಂದ. ಒಂದು ಮನೆ, ಒಂದು ನೆನಪು, ಅಷ್ಟು ಸಾಕು.

ಕರಡು ಚಿತ್ರ ಮನೆಯವರಿಗೆ ತೋರಿಸಿ. ಬೇಡ ಅಂದರೆ ಬೇಡ. ‘ನಾವು ಕಲಾವಿದರು’ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಹಂತ 5: ಗೋಡೆ

ಗೋಡೆ ಕೆಟ್ಟರೆ ಚಿತ್ರವೂ ಕೆಟ್ಟಂತೆ. ಮೊದಲು ಗೋಡೆ ಯಾವುದರದ್ದು ಅಂತ ತಿಳಿದುಕೊಳ್ಳಿ. ಹಸಿ ಇಟ್ಟಿಗೆಯದೋ, ಸುಟ್ಟ ಇಟ್ಟಿಗೆಯದೋ, ಸಿಮೆಂಟ್ ಬ್ಲಾಕಿನದೋ? ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಗೋಡೆ ಬಿಟ್ಟಿದೆ, ಅದನ್ನು ಕೆತ್ತಿ ಹೊಸ ಗಾರೆ ಹಾಕಿಸಿ. ಹೊಸ ಸಿಮೆಂಟ್ ಗಾರೆಗೆ 28 ದಿನ ಬಿಡಬೇಕು, ಅದಕ್ಕೇ ಮೊದಲೇ ಶುರು ಮಾಡಿ ಅಂದದ್ದು.

ಗೋಡೆಗೆ ಉಪ್ಪು ಹಿಡಿಯುವುದು ಅಲ್ಲಿಯ ದೊಡ್ಡ ಪೀಡೆ, ಸಲಿತ್ರೆ ಅಂತಾರೆ. ಬುಡದಿಂದ ನೀರು ಏರಿ, ಒಣಗಿ, ಬಿಳಿ ಹುಡಿ ಹೊರಗೆ ಬರುತ್ತದೆ, ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಒಳಗಡೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಹಸಿ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಒಣಗಿದ ಮೇಲೆ ಉಪ್ಪನ್ನು ತಂತಿ ಬ್ರಷ್‌ನಿಂದ ಕೆರೆದು ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಹಸಿ ಇಟ್ಟಿಗೆಯ ಗೋಡೆಯಾದರೆ ಸಿಮೆಂಟೂ ಬೇಡ, ಪ್ಲಾಸ್ಟಿಕ್ ಬಣ್ಣವೂ ಬೇಡ. ಆ ಗೋಡೆ ಉಸಿರಾಡಬೇಕು. ಮುಚ್ಚಿದರೆ ನೀರು ಒಳಗೇ ಉಳಿದು ಮಣ್ಣು ಕುಸಿಯುತ್ತದೆ. ಇದಕ್ಕೆ ಸುಣ್ಣವೇ ಮದ್ದು. ಅಲ್ಲಿನವರು ಪಾಪಾಸುಕಳ್ಳಿಯ ಎಲೆ ಕೊಚ್ಚಿ ನೀರಿನಲ್ಲಿ ನೆನೆಹಾಕಿ, ಲೋಳೆ ಬಿಟ್ಟಮೇಲೆ ಸೋಸಿ ಸುಣ್ಣಕ್ಕೆ ಬೆರೆಸುತ್ತಾರೆ. ಅಂಟು ಬರುತ್ತದೆ, ಕೈಗೆ ಹುಡಿ ಹತ್ತುವುದು ಕಡಿಮೆಯಾಗುತ್ತದೆ. ನಮ್ಮ ಹಳೆಯ ಗಚ್ಚುಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದರಲ್ಲ, ಆ ಜಾತಿಯ ಜಾಣತನವೇ. ಸುಣ್ಣಕ್ಕೆ ಎಲ್ಲ ಬಣ್ಣ ಒಗ್ಗುವುದಿಲ್ಲ. ಕೆಮ್ಮಣ್ಣು, ಹಳದಿ ಮಣ್ಣಿನಂಥ ಕಬ್ಬಿಣದ ಬಣ್ಣಗಳು ನಿಲ್ಲುತ್ತವೆ. ಚಿತ್ರ ಸ್ವಲ್ಪ ಮಂಕಾಗಿಯೇ ಬರುತ್ತದೆ, ಒಪ್ಪಿಕೊಳ್ಳಿ.

ಸಿಮೆಂಟ್ ಗೋಡೆಗೆ ಬಣ್ಣದಂಗಡಿಯಲ್ಲಿ ‘ಸೆಯಾದೋರ್ 5 ಪೋರ್ 1’ ಕೇಳಿ. ಒಂದು ಪಾಲು ಸೀಲರ್‌ಗೆ ಐದು ಪಾಲು ನೀರು ಬೆರೆಸುವಂಥದ್ದು. ಒಂದು ಕೋಟ್ ಹೊಡೆದು ಒಣಗಿಸಿ, ಮೇಲೆ ಬಿಳಿ ವಿನೈಲ್ ಬಣ್ಣ ಎರಡು ಕೋಟ್. ಲೆಕ್ಕ ಸುಲಭ: 6 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆ 18 ಚದರ ಮೀಟರ್, ಬಾಗಿಲು ಕಳೆದರೆ 16. ಲೀಟರಿಗೆ 8 ಚದರ ಮೀಟರ್ ಅಂದುಕೊಂಡರೆ ಎರಡು ಕೋಟ್‌ಗೆ 4 ಲೀಟರ್. ಒರಟು ಗೋಡೆಯಾದರೆ 6 ಬೇಕಾದೀತು. ಅಲ್ಲಿ ದೊಡ್ಡ ಬಕೆಟ್ 19 ಲೀಟರಿನದು. ನಾಲ್ಕೈದು ಮನೆಯವರು ಸೇರಿ ಒಂದು ಬಕೆಟ್ ಬಿಳಿ ಕೊಂಡರೆ ಲಾಭ.

ಹಂತ 6: ಗೋಡೆಗೆ ಇಳಿಸುವುದು

ಚೌಕ ಚೌಕ ಗೆರೆ ಎಳೆದು ಇಳಿಸುವುದು ಶಾಲೆಯಲ್ಲಿ ಕಲಿತದ್ದೇ. ಅದಕ್ಕಿಂತ ಬೇಗ ಆಗುವ ಉಪಾಯ ಇದೆ. ಬಿಳಿ ಗೋಡೆಯ ಮೇಲೆ ತೆಳು ಬಣ್ಣದಲ್ಲಿ ಮನಸ್ಸಿಗೆ ಬಂದದ್ದು ಗೀಚಿ: ಸುರುಳಿ, ಅಕ್ಷರ, ಬಾಣ, ಮೀನು, ಯಾವುದೂ ಮತ್ತೆ ಬರಬಾರದು. ಎದುರು ನಿಂತು ಇಡೀ ಗೋಡೆಯ ಫೋಟೋ ತೆಗೆಯಿರಿ. ಫೋನಿನಲ್ಲಿ ಆ ಫೋಟೋದ ಮೇಲೆ ನಿಮ್ಮ ಕರಡು ಚಿತ್ರವನ್ನು ಅರೆಪಾರದರ್ಶಕವಾಗಿ ಕೂರಿಸಿ. ಈಗ ಮೂಗು ಎಲ್ಲಿ ಬರಬೇಕು? ಮೀನಿನ ಬಾಲದ ಪಕ್ಕ. ಮೊಣಕೈ? ‘ಕ’ ಅಕ್ಷರದ ಕೆಳಗೆ. ಹಾಗೆ ಗುರುತು ಹಿಡಿದು ಬರೆಯುತ್ತಾ ಹೋಗಿ. ಗೀಚುವ ಕೆಲಸವನ್ನು ಮಕ್ಕಳಿಗೇ ಬಿಡಿ, ಅವರಷ್ಟು ಚೆನ್ನಾಗಿ ನಿಮಗೆ ಬರುವುದಿಲ್ಲ.

ಹಂತ 7: ಬಣ್ಣ

ಪುಯೆಬ್ಲಾ ಸಮುದ್ರಮಟ್ಟದಿಂದ 2,100 ಮೀಟರಿಗಿಂತ ಎತ್ತರದಲ್ಲಿದೆ. ಪ್ರತಿ 1,000 ಮೀಟರಿಗೆ ನೇರಳಾತೀತ ಕಿರಣ ಶೇ 10ರಷ್ಟು ಜಾಸ್ತಿಯಾಗುತ್ತದೆ. ಬಿಸಿಲಿಗೆ ಮೊದಲು ಸೋಲುವುದು ಕಡು ಗುಲಾಬಿ, ಕಡು ಕೆಂಪು, ನಿಯಾನ್ ಬಣ್ಣಗಳು. ಮೆಕ್ಸಿಕೋದ ಹೆಸರುವಾಸಿ ಗುಲಾಬಿ ಬಣ್ಣ ಇಲ್ಲದೆ ಗೋಡೆ ಸಪ್ಪೆ ಅನ್ನಿಸುತ್ತದೆ ನಿಜ. ಹಾಕಿ, ಆದರೆ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ ಇಡೀ ಹಿನ್ನೆಲೆಯನ್ನೇ ಆ ಬಣ್ಣಕ್ಕೆ ಕೊಡಬೇಡಿ. ಆರು ಬಣ್ಣ, ಜೊತೆಗೆ ಬಿಳಿ, ಇಷ್ಟರಲ್ಲಿ ಎಲ್ಲವೂ ಬರುತ್ತದೆ. ಅಂಗೈ ಅಗಲದ ತುಣುಕು ಗೋಡೆಯ ಮೇಲೇ ಹಚ್ಚಿ ಮಧ್ಯಾಹ್ನ ಹನ್ನೆರಡಕ್ಕೆ ನೋಡಿ. ಡಬ್ಬಿಯಲ್ಲಿ ಚೆಂದ ಕಂಡದ್ದು ಆ ಬಿಸಿಲಿನಲ್ಲಿ ಸೀದುಹೋದಂತೆ ಕಾಣಬಹುದು.

ಮೇಲಿನಿಂದ ಕೆಳಕ್ಕೆ, ಹಿಂದಿನಿಂದ ಮುಂದಕ್ಕೆ. ಮೊದಲು ಆಕಾಶ ಮತ್ತು ದೊಡ್ಡ ಆಕಾರಗಳು, ಆಮೇಲೆ ನೆರಳು, ಕೊನೆಗೆ ಗೆರೆ.

ಆ ಬುಗುರಿಯನ್ನೇ ತೆಗೆದುಕೊಳ್ಳೋಣ. ಮರದ ಮೈಗೆ ಕಂದು ಹಚ್ಚಿ, ಮೇಲೆ ಕೆಂಪು, ಹಸಿರು ಪಟ್ಟೆ. ಪಟ್ಟೆಗಳನ್ನು ನೇರವಾಗಿ ಎಳೆದರೆ ಬುಗುರಿ ಚಪ್ಪಟೆಯಾಗುತ್ತದೆ, ಮೈ ಉಬ್ಬಿದ ಕಡೆ ಕೆಳಕ್ಕೆ ಬಾಗಬೇಕು. ತಿರುಗುತ್ತಿರುವಂತೆ ಕಾಣಬೇಕಾದರೆ ಪಟ್ಟೆಯ ಅಂಚನ್ನು ಒದ್ದೆ ಬ್ರಷ್‌ನಿಂದ ಒಂದೇ ದಿಕ್ಕಿಗೆ ಸವರಿ ಮಸುಕು ಮಾಡಿ. ತುದಿಯ ಮೊಳೆ ಮಾತ್ರ ಚೂಪಾಗಿರಲಿ, ಅದರ ಕೆಳಗೆ ನೆಲದಲ್ಲಿ ಚಿಕ್ಕ ಗಾಢ ನೆರಳು. ಹೊಳಪಿಗೆ ಬಿಳಿ ಚುಕ್ಕೆ ಒಂದೇ, ಎರಡಾದರೆ ಪ್ಲಾಸ್ಟಿಕ್ ಬುಗುರಿಯಾಗುತ್ತದೆ. ದಾರದ ತುದಿಗೆ ಸೋಡಾ ಬಾಟಲಿಯ ಮುಚ್ಚಳ ಕಟ್ಟಿ ಬೆರಳ ಸಂದಿಗೆ ಸಿಕ್ಕಿಸಿಕೊಳ್ಳುವವರೂ ಇದ್ದಾರೆ. ಆ ಮನೆಯ ತಾತ ಏನು ಕಟ್ಟುತ್ತಿದ್ದರು ಅಂತ ಕೇಳಿದ್ದೀರಿ ತಾನೇ?

ಗೋಡೆಯ ಕೆಳಗಿನ ಒಂದು ಮೀಟರ್ ಮಕ್ಕಳದ್ದು. ಅವರ ಕಣ್ಣಿನ ಎತ್ತರ ಅಷ್ಟೇ. ಅಲ್ಲಿ ದೊಡ್ಡವರಿಗೆ ಕಾಣದ ಸಣ್ಣ ಸಣ್ಣದ್ದು ಬರೆಯಿರಿ: ಇರುವೆ ಸಾಲು, ಬಿದ್ದ ಗೋಲಿ, ಒಂಟಿ ಚಪ್ಪಲಿ. ಮಕ್ಕಳ ಕೈಯಲ್ಲಿ ಬಣ್ಣ ಹಾಕಿಸುವುದೂ ಇದೇ ಪಟ್ಟಿಯಲ್ಲಿ. ಸೀಮೆಸುಣ್ಣದಲ್ಲಿ ಆಕಾರದೊಳಗೆ ನಂಬರ್ ಬರೆದು, ಡಬ್ಬಿಗೂ ಅದೇ ನಂಬರ್ ಅಂಟಿಸಿದರೆ ಗಲಾಟೆ ಇರುವುದಿಲ್ಲ. ನೀರಿನ ಬಣ್ಣ ಮಾತ್ರ ಕೊಡಿ. ಸ್ಪ್ರೇ ಬಳಸುವ ದೊಡ್ಡವರಿಗೂ ಬಟ್ಟೆ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಬೇಕು. ಸಾರ್ವೆ ಹತ್ತುವ ಮೊದಲು ಕರೆಂಟ್ ತಂತಿ ನೋಡಿ. ಆ ಕೇರಿಗಳಲ್ಲಿ ತಂತಿ ಮನೆಯ ಮುಂಭಾಗಕ್ಕೆ ತಾಗಿದಂತೆಯೇ ಹೋಗುತ್ತದೆ, ಮೂರು ಮೀಟರ್ ಒಳಗಿದ್ದರೆ ವಿದ್ಯುತ್ ಕಂಪನಿಗೆ ಹೇಳದೆ ಹತ್ತಬೇಡಿ.

ಪುಯೆಬ್ಲಾ ಕಡೆಯವರಿಗೆ ಇನ್ನೊಂದು ತಾಪತ್ರಯ ಇದೆ. ಪಕ್ಕದಲ್ಲೇ ಪೊಪೊಕಾತೆಪೆತ್ಲ್ ಜ್ವಾಲಾಮುಖಿ. 2023ರ ಮೇ ತಿಂಗಳಲ್ಲಿ ಅದರ ಬೂದಿಯಿಂದ ಊರಿನ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ಬೂದಿ ಬೀಳುವ ಸೂಚನೆ ಇದ್ದ ದಿನ ಬಣ್ಣ ಹಚ್ಚಬೇಡಿ. ಹಚ್ಚಿ ಒಣಗಿದ ಮೇಲೆ ಬಿದ್ದರೆ ಒರೆಸಬೇಡಿ, ಬೂದಿ ಗಾಜಿನ ಹುಡಿಯಷ್ಟು ಒರಟು, ಬಣ್ಣ ಗೀರುತ್ತದೆ. ಮೆತ್ತಗಿನ ಬ್ರಷ್‌ನಿಂದ ಕೊಡವಿ.

ಊಟದ ಚಿಂತೆ ಬೇಡ. ಯಾರಾದರೊಬ್ಬರು ಸೆಮೀತಾ (ಆ ಊರಿನ ಸ್ಯಾಂಡ್‌ವಿಚ್), ಇನ್ನೊಬ್ಬರು ಹಣ್ಣಿನ ಶರಬತ್ತು ತಂದೇ ತರುತ್ತಾರೆ. ಊರವರೆಲ್ಲ ಕೂಡಿ ಮಾಡುವ ಕೆಲಸಕ್ಕೆ ಆ ಕಡೆ ಫಾಯೇನಾ ಅಂತ ಹೆಸರು, ಜನಕ್ಕೆ ಅದು ಹೊಸದಲ್ಲ. ಬೇಡ ಅನ್ನಬೇಡಿ.

ಹಂತ 8: ವಾರ್ನಿಷ್, ಮತ್ತೆ ಆಮೇಲೆ

ಬಣ್ಣ ಹಾಕಿ ಒಂದು ವಾರ ಬಿಟ್ಟು, ನೇರಳಾತೀತ ಕಿರಣ ತಡೆಯುವ ನೀರಿನ ಅಕ್ರಿಲಿಕ್ ವಾರ್ನಿಷ್ ಎರಡು ತೆಳು ಕೋಟ್. ಹೊಳಪಿಲ್ಲದ್ದೇ ಕೊಳ್ಳಿ, ಹೊಳೆಯುವುದು ಬಿಸಿಲಿಗೆ ಕನ್ನಡಿಯಾಗಿ ಚಿತ್ರ ಕಾಣುವುದಿಲ್ಲ, ಫೋಟೋ ಅಂತೂ ಬರುವುದೇ ಇಲ್ಲ. ಸುಣ್ಣದ ಗೋಡೆಗೆ ವಾರ್ನಿಷ್ ಹಾಕಬೇಡಿ.

ಸಹಿ ಹಾಕುವಾಗ ನಿಮ್ಮ ಹೆಸರಿನ ಮೊದಲು ನೆನಪು ಕೊಟ್ಟವರ ಹೆಸರು ಬರಲಿ, ಅವರು ಒಪ್ಪಿದರೆ. ವರ್ಷವನ್ನೂ ಹಾಕಿ.

ಉಳಿದ ಬಣ್ಣವನ್ನು ಗಾಜಿನ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಅಂಗಡಿಯ ಕೋಡ್ ನಂಬರ್, ಯಾವ ಭಾಗಕ್ಕೆ ಹಚ್ಚಿದ್ದು ಅಂತ ಬರೆದು ಮನೆಯವರಿಗೇ ಕೊಟ್ಟುಬಿಡಿ. ಒಂದು ಸಣ್ಣ ಬ್ರಷ್ ಕೂಡ. ಮೊದಲ ಮಳೆಗಾಲ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ, ಬುಡದ 30 ಸೆಂಟಿಮೀಟರ್ ಒಮ್ಮೆ ನೋಡಬೇಕು. ಕೆಸರು ಸಿಡಿದು, ಉಪ್ಪು ಎದ್ದು ಮೊದಲು ಕೆಡುವುದು ಅಲ್ಲೇ. ಅಲ್ಲಿ ಇರುವೆ ಸಾಲು ಬರೆದಿದ್ದರೆ ತೇಪೆ ಹಾಕುವುದು ಸುಲಭ, ನಾಲ್ಕು ಇರುವೆ ಹೋದರೆ ಮನೆಯ ಮಗುವೇ ಐದು ಸೇರಿಸುತ್ತದೆ.